ಕೆಂಪು ಗೂಟದ ಮನೆ

ಚನ್ನಗಿರಿ ತಾಲ್ಲೂಕಿನಲ್ಲಿ ಭೀಮೇಶ್ ಪ್ಲ್ಯಾನ್ ಹಾಕಿದ ಮನೆಗಳು ನಾನೂರಕ್ಕಿಂತ ಹೆಚ್ಚಿವೆ. ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಡೆಯವನ್ನು ಸೇರಿಸಿದರೆ ಐನೂರು ದಾಟಬಹುದು. ಅವುಗಳಲ್ಲಿ ತನ್ನದು ಎಂದು ಅವನು ಹೇಳಿಕೊಳ್ಳುತ್ತಿದ್ದದ್ದು ಒಂದೇ ಮನೆ. ಅದು ಸೂಳೆಕೆರೆಯ ಪಡುವಣ ದಂಡೆಯಲ್ಲಿದೆ. ಅದರಲ್ಲಿ ವಾಸ ಮಾಡುವವರು ಬೇರೆಯವರು.

ಈ ವರ್ಷ ಫೆಬ್ರವರಿಯಲ್ಲಿ ಅವನು ತೀರಿಕೊಂಡ. ಹೊನ್ನಾಳಿಯಲ್ಲಿ ಒಂದು ಸೈಟ್ ಅಳೆದು ಮಧ್ಯಾಹ್ನದ ಬಸ್ಸು ಹತ್ತಿದ್ದ. ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೂ ಕಿಟಕಿಗೆ ತಲೆ ಆನಿಸಿ ಕೂತೇ ಇದ್ದ. ನಿದ್ದೆ ಹತ್ತಿರಬೇಕೆಂದು ಕಂಡಕ್ಟರ್ ಎರಡು ಸಲ ಕರೆದು, ಮೂರನೆಯ ಸಲ ಭುಜ ಮುಟ್ಟಿದರಂತೆ. ತೊಡೆಯ ಮೇಲೆ ಚೀಲವಿತ್ತು. ಅದರಲ್ಲಿ ಅಳತೆಯ ಟೇಪು, ಒಂದು ಬಾಳೆಹಣ್ಣು, ಅವನು ಯಾವಾಗಲೂ ಒಯ್ಯುತ್ತಿದ್ದ ನೀಲಿ ರಟ್ಟಿನ ಅಳತೆ ಪುಸ್ತಕ. ವಯಸ್ಸು ಐವತ್ತೆರಡು.

ನಾವಿಬ್ಬರೂ ದಾವಣಗೆರೆಯ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿದ್ದೆವು. ಅವನು ಸಿವಿಲ್ ಡಿಪ್ಲೊಮಾ ಓದುತ್ತಿದ್ದ, ನಾನು ಬಿ.ಎ. ಆಮೇಲೆ ನನಗೆ ಚನ್ನಗಿರಿಯ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು. ಅವನು ಅದೇ ಬೀದಿಯಲ್ಲಿ ಔಷಧಿ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದು ಬೋರ್ಡು ಹಾಕಿದ. ಅವನ ಅಪ್ಪ ಹನುಮಂತಪ್ಪ ಸಂತೇಬೆನ್ನೂರಿನ ಸುತ್ತ ಗಾರೆ ಕೆಲಸಕ್ಕೆ ಹೋಗುತ್ತಿದ್ದವರು. ತಾವು ಕಟ್ಟಿದ ಮನೆಗಳ ಗೋಡೆಯಾಚೆ ಯಾವ ಕೋಣೆ ಯಾವುದಕ್ಕೆ ಅಂತ ಅವರಿಗೆ ಗೊತ್ತಿರುತ್ತಿತ್ತು, ಆದರೆ ಬಣ್ಣ ಬಳಿದ ಮೇಲೆ ಒಳಗೆ ಹೋಗಿ ನೋಡಿದ್ದು ಕಡಿಮೆ. ಇದನ್ನು ಭೀಮೇಶ್ ದೂರಿನಂತೆ ಹೇಳುತ್ತಿರಲಿಲ್ಲ. ಅಪ್ಪನ ಬಗ್ಗೆ ಮಾತು ಬಂದಾಗ ಅವರ ಎತ್ತರ ಇಷ್ಟು, ಬಣ್ಣ ಇಂಥದ್ದು ಎನ್ನುವ ಹಾಗೆ ಇದನ್ನೂ ಹೇಳುತ್ತಿದ್ದ.

ಅವನ ಕೆಲಸ ಬಹುಪಾಲು ಮೂವತ್ತು ನಲವತ್ತರ ಸೈಟುಗಳದ್ದು. ಮಾಲೀಕರು ಮೊಬೈಲಿನಲ್ಲಿ ಒಂದು ಫೋಟೊ ಹಿಡಿದು ಬರುತ್ತಿದ್ದರು. ಇವನು ಅದನ್ನು ಸೈಟಿನ ಅಳತೆಗೆ ಇಳಿಸಿ ಕೊಡುತ್ತಿದ್ದ. ನಿನಗೆ ಬೇಕಾದ ಹಾಗೆ ಒಂದಾದರೂ ಮನೆ ಬರೆದಿದ್ದೀಯಾ ಎಂದು ನಾನೊಮ್ಮೆ ಕೇಳಿದ್ದೆ.

"ತಾಲ್ಲೂಕಾಫೀಸ್ ಮುಂದೆ ಅರ್ಜಿ ಬರಿಯೋರು ಇರ್ತಾರಲ್ಲ ರಘು," ಎಂದಿದ್ದ. "ಅವ್ರೇನು ತಮ್ ಕಷ್ಟ ಬರೀತಾರಾ? ಹಂಗೇ ಇದು."

ಇನ್ನೊಂದು ವಿಷಯವನ್ನು ಇಲ್ಲೇ ಹೇಳಬೇಕು. ತಾನು ಪ್ಲ್ಯಾನ್ ಹಾಕಿದ ಮನೆಗಳ ಗುದ್ದಲಿ ಪೂಜೆಗೆ ಅವನು ಹೋಗುತ್ತಿರಲಿಲ್ಲ. ಹೋಗುವುದಿಲ್ಲ ಎಂದೂ ಹೇಳುತ್ತಿರಲಿಲ್ಲ. ಏಳಕ್ಕೆ ಕರೆದರೆ ಹೂಂ ಅಂದು ಹತ್ತಕ್ಕೆ ಹೋಗುತ್ತಿದ್ದ. ಅಷ್ಟು ಹೊತ್ತಿಗೆ ಪೂಜೆ ಮಾಡಿಸಿದ ಅಯ್ಯನವರು ಹೊರಟಿರುತ್ತಿದ್ದರು, ಮಂಡಕ್ಕಿ ಹಂಚಿ ಮುಗಿದಿರುತ್ತಿತ್ತು. ಇವನು ಟೇಪು ಬಿಚ್ಚಿ ಕೆಲಸ ಶುರು ಮಾಡುತ್ತಿದ್ದ. ಇಂಜಿನಿಯರ್ ಎಂದರೆ ಹೀಗೆಯೇ ಎಂದು ಜನ ತಿಳಿದಿದ್ದರು. ಅವನ ಮನೆಯಲ್ಲಿ ಬುದ್ಧನ ಪಟವಿದೆ, ಅದಕ್ಕೇ ಪೂಜೆಗೆ ಬರುವುದಿಲ್ಲ ಎಂದು ಕೆಲವರು ಅಂದುಕೊಂಡಿದ್ದರು. ಕಾರಣ ಅದಲ್ಲ. ಅವನ ಎರಡನೆಯದೋ ಮೂರನೆಯದೋ ಮನೆಯ ಪೂಜೆಗೆ ಹೊಸ ಶರ್ಟು ಹಾಕಿಕೊಂಡು ಹೊತ್ತಿಗೆ ಸರಿಯಾಗಿ ಹೋಗಿದ್ದ. ಮನೆಯ ಹಿರಿಯರೊಬ್ಬರು, ಸ್ವಲ್ಪ ಆ ಮರಳಿನ ಗುಡ್ಡೆ ಹತ್ತಿರ ನಿಂತಿರಪ್ಪ, ಪೂಜೆ ಆದ ಮೇಲೆ ಕರೆಯುತ್ತೇವೆ ಎಂದಿದ್ದರು. ನಿಂತಿದ್ದ. ಕರೆದಿದ್ದರು ಕೂಡ. ಇದನ್ನು ನನಗೆ ಒಂದೇ ಸಲ ಹೇಳಿದ್ದು, ಅದೂ ಇಪ್ಪತ್ತು ವರ್ಷದ ನಂತರ.

ನಾಲ್ಕು ವರ್ಷದ ಹಿಂದೆ ಅಡಿಕೆ ಮಂಡಿಯ ವಿರೂಪಾಕ್ಷಪ್ಪನವರು ಅವನ ಕೋಣೆಗೆ ಬಂದರು. ಸೂಳೆಕೆರೆ ದಂಡೆಯ ಮೇಲೆ ಅವರಿಗೆ ಒಂದೂವರೆ ಎಕರೆ ಇತ್ತು. ಅಲ್ಲಿ ಮನೆ ಕಟ್ಟಬೇಕು, ಊರಿನಲ್ಲಿ ಯಾರೂ ಕಟ್ಟಿರಬಾರದು ಅಂಥದ್ದು ಎಂದರು. ಮೊಬೈಲು ತೆಗೆದು ಯಾವುದೋ ರೆಸಾರ್ಟಿನ ಫೋಟೊ ತೋರಿಸಿದರು. ಮನೆ, ಮನೆಯ ಮುಂದೆ ಈಜುಕೊಳ, ಕೊಳದ ಮುಂದೆ ಸಮುದ್ರ.

"ಇಷ್ಟು ದೊಡ್ಡ ಕೆರೆ ಮುಂದೆ ಇಷ್ಟಗಲ ಗುಂಡಿ ತೋಡಿ ನೀರು ತುಂಬ್ಸೋದಾ ಸಾವ್ಕಾರ್ರೇ?" ಎಂದು ಭೀಮೇಶ್ ಕೇಳಿದ.

ಅವರ ಜೊತೆ ಬಂದಿದ್ದ ಹೆಂಡತಿ ನಿರ್ಮಲಮ್ಮ ನಕ್ಕರು. ಆಮೇಲೆ ಭೀಮೇಶನಿಗೆ ಯಾರೂ ಅಲ್ಲಿಯವರೆಗೆ ಹೇಳದ ಮಾತೊಂದನ್ನು ಹೇಳಿದರು. "ಫೋಟೊ ಬಿಡ್ರಿ. ನೀವೇ ಆ ಜಾಗದಾಗೆ ಎರಡು ದಿನ ಕುಂತು ಯೋಚ್ನೆ ಮಾಡಿ ಬರೀರಿ. ಇವರಿಗೆ ನಾನು ಹೇಳ್ತೀನಿ."

ಅವನು ಎರಡು ದಿನವಲ್ಲ, ಎರಡು ತಿಂಗಳು ಓಡಾಡಿದ. ಭಾನುವಾರಗಳಲ್ಲಿ ನಾನೂ ಹೋಗುತ್ತಿದ್ದೆ. ಬೇಸಿಗೆಯ ಕೊನೆಯಾದ್ದರಿಂದ ನೀರು ದೂರ ಸರಿದಿತ್ತು. ವಿರೂಪಾಕ್ಷಪ್ಪನವರಿಗೆ ಮನೆ ಆದಷ್ಟು ನೀರಿನ ಪಕ್ಕಕ್ಕೆ ಬೇಕಾಗಿತ್ತು. ಸರ್ವೆ ಕಲ್ಲಿನ ಪ್ರಕಾರ ಜಾಗ ಅವರದೇ, ಕೆರೆಯ ಗಡಿ ಅದಕ್ಕಿಂತ ಕೆಳಗಿತ್ತು. ಭೀಮೇಶನಿಗೆ ಕಾಗದದ ಗಡಿ ಸಾಲದಾಯಿತು. ನೀರು ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯಬೇಕಿತ್ತು. ಅದಕ್ಕೆ ಅವನು ಉಡಚಮ್ಮನನ್ನು ಹುಡುಕಿಕೊಂಡು ಹೋದ. ಆಕೆ ಅಲ್ಲೇ ಪಕ್ಕದ ಊರಿನ ಮೀನುಗಾರರ ಮನೆಯವಳು, ಎಪ್ಪತ್ತು ದಾಟಿದವಳು.

"ಕೆರೆ ತುಂಬಿ ಕೋಡಿ ಬಿದ್ದಿದ್ದು ಜಾಸ್ತಿ ಅಂದ್ರೆ ಯಾವ ವರ್ಷ ಅಜ್ಜಿ?"

"ನಮ್ ಹಿರೇಮಗ ಹೊಟ್ಟ್ಯಾಗಿದ್ದ ವರ್ಷ. ವರ್ಷ ಗಿರ್ಷ ನಂಗೊತ್ತಿಲ್ಲ, ಅವ್ನನ್ನೇ ಕೇಳು ವಯಸ್ಸೆಷ್ಟು ಅಂತ."

"ಆವಾಗ ನೀರು ಎಲ್ಲಿಗೆ ಬಂದಿತ್ತು?"

ಆಕೆ ಕೋಲೂರಿಕೊಂಡು ಬಂದು ಒಂದು ಹೊಂಗೆಮರದ ಕೆಳಗೆ ನಿಂತಳು. ಅದರ ಒಂದು ಬೇರನ್ನು ಕೋಲಿನಿಂದ ತಟ್ಟಿದಳು. "ನಮ್ಮನೆಯೋರು ತೆಪ್ಪ ಇದಕ್ಕೇ ಕಟ್ಟಿದ್ರು. ನಾನು ಬುತ್ತಿ ತಂದು ಇಲ್ಲೇ ಕೊಟ್ಟಿದ್ದೆ, ಕಾಲು ತೋಯ್ಲಿಲ್ಲ. ಇಲ್ಲೇನ್ ಮಾಡ್ತೀಯ ಇಂಜಿನೇರಪ್ಪ?"

"ಮನೆ."

"ಮೀನಿಗಾ, ಮನುಷ್ಯರಿಗಾ?"

ಭೀಮೇಶ್ ಅಲ್ಲಿ ಒಂದು ಗೂಟ ಹೊಡೆದ. ಎದ್ದು ಕಾಣಲಿ ಎಂದು ಅದಕ್ಕೆ ಕೆಂಪು ಪೇಂಟ್ ಬಳಿದ. ನೀಲಿ ಪುಸ್ತಕದಲ್ಲಿ ಬರೆದುಕೊಂಡ. ಮನೆಯನ್ನು ಆ ಗೂಟದಿಂದ ಇಪ್ಪತ್ತೆರಡು ಅಡಿ ಮೇಲಕ್ಕೆ, ಇಳಿಜಾರು ಮುಗಿದು ನೆಲ ಸಮನಾಗುವ ಕಡೆ ಕೂರಿಸಿದ. ಅದರಿಂದ ಕೆಳಗಿನದು ನೀರಿನ ಜಾಗ, ನೀರು ಬಂದರೂ ಬರದಿದ್ದರೂ ಅದರದ್ದೇ ಎಂದು ವಿರೂಪಾಕ್ಷಪ್ಪನವರಿಗೆ ಹೇಳಿದ. ಬೇರೆ ಏನು ಬೇಕಾದರೂ ಬದಲಿಸಿ, ಇದೊಂದು ಬೇಡ ಎಂದ. ಅವರು ಒಪ್ಪಿದರು, ಪೂರ್ತಿ ಮನಸ್ಸಿನಿಂದಲ್ಲ.

ಆ ಪ್ಲ್ಯಾನನ್ನು ನಾನು ನೋಡಿದ್ದೇನೆ. ಎರಡು ಹೊಂಗೆಮರ ಕಡಿಯಬಾರದೆಂದು ಮನೆ ನಡುವೆ ಸ್ವಲ್ಪ ಬಾಗಿತ್ತು. ಮೂಡಣಕ್ಕೆ ನೀರು, ಬೆಳಗಿನ ಬಿಸಿಲು ನೀರಿಗೆ ಬಿದ್ದು ಕಣ್ಣಿಗೆ ಹೊಡೆಯುತ್ತದೆಂದು ಸೂರನ್ನು ಐದು ಅಡಿ ಮುಂದಕ್ಕೆ ಚಾಚಿದ್ದ. ದೊಡ್ಡ ಗಾಜಿನ ಗೋಡೆ ಬೇಡ, ಹಕ್ಕಿಗಳು ಬಂದು ಬಡಿದುಕೊಳ್ಳುತ್ತವೆ ಎಂದ. ಅದರ ಬದಲು ಕಿಟಕಿಗಳನ್ನು ತಗ್ಗಿಸಿ, ನೆಲದ ಮೇಲೆ ಕೂತವರಿಗೂ ಕೆರೆ ಕಾಣುವ ಹಾಗೆ ಮಾಡಿದ್ದ. ಬಚ್ಚಲು, ಅಡುಗೆಮನೆಯ ನೀರು ಕೆರೆಯ ಕಡೆಗೆ ಒಂದು ಹನಿಯೂ ಹೋಗದಂತೆ ಹಿಂದಿನ ಬಾಳೆಗಿಡಗಳ ಗುಂಡಿಗೆ ತಿರುಗಿಸಿದ್ದ. ಕೆರೆಯ ಕಡೆ ಕಾಂಪೌಂಡ್ ಇಲ್ಲ, ಲಕ್ಕಿ ಗಿಡದ ಬೇಲಿ. ಗೋಡೆಗೆ ಅಲ್ಲೇ ಸುತ್ತಮುತ್ತ ಸಿಗುವ ಸೈಜುಗಲ್ಲು. ನೋಡಿದರೆ ಹೊಸ ಮನೆಯೇ, ಆದರೆ ಅಲ್ಲಿಂದ ಬೇರೆ ಕಡೆಗೆ ಎತ್ತಿಡಲಾಗದ ಮನೆ.

ಪೂಜೆ ದೀಪಾವಳಿ ಕಳೆದ ಮೇಲೆ ಒಂದು ಸೋಮವಾರ ಇತ್ತು. ಏಳೂವರೆಗೆ ಮುಹೂರ್ತ. ಏಳಕ್ಕೇ ಬರಬೇಕೆಂದು ವಿರೂಪಾಕ್ಷಪ್ಪನವರು ಎರಡು ಸಲ ಫೋನ್ ಮಾಡಿದ್ದರು. ಭೀಮೇಶ್ ಹೂಂ ಅಂದಿದ್ದ. ನಾವು ಅವನ ಬೈಕಿನಲ್ಲಿ ಅಲ್ಲಿಗೆ ಹೋದಾಗ ಹತ್ತು ಗಂಟೆ. ಜನ ಇನ್ನೂ ಇದ್ದರು. ಆದರೆ ಅವರೆಲ್ಲ ಇರಬೇಕಾದ ಕಡೆ ಇರಲಿಲ್ಲ, ಇಳಿಜಾರಿನ ಕೆಳಗೆ ನಿಂತಿದ್ದರು. ಬೈಕು ನಿಲ್ಲಿಸಿದವನು ಇಳಿಯದೆ ಹಾಗೇ ನೋಡುತ್ತಿದ್ದ.

ಕೆಂಪು ಗೂಟದ ಬುಡದಲ್ಲಿ ಗುಂಡಿ ತೋಡಿ, ಹಾಲೆರೆದು, ನವಧಾನ್ಯ ಹಾಕಿ, ಅರಿಶಿನ ಕುಂಕುಮ ಬಳಿದ ಕಲ್ಲು ಇಟ್ಟಾಗಿತ್ತು. ಕಲ್ಲಿನ ಮೇಲೆ ಚೆಂಡುಹೂವಿನ ಹಾರ ಇತ್ತು.

ನಮ್ಮ ಕಡೆ ಮೇಸ್ತ್ರಿಗಳು ಮನೆಯ ಮೂಲೆಗಳಿಗೆ ಬಿಳಿ ಗೂಟ ಹೊಡೆಯುತ್ತಾರೆ, ಪೂಜೆ ನಡೆಯುವ ಈಶಾನ್ಯದ ಗೂಟಕ್ಕೆ ಮಾತ್ರ ಕೆಂಪು ಹಚ್ಚುತ್ತಾರೆ. ಇದು ಚನ್ನಗಿರಿಯಲ್ಲಿ ಮನೆ ಕಟ್ಟಿದ ಎಲ್ಲರಿಗೂ ಗೊತ್ತು. ಐನೂರು ಮನೆ ಬರೆದ ಭೀಮೇಶನಿಗೆ ಗೊತ್ತಿರಲಿಲ್ಲ. ಅವನು ಹೋಗುವ ಹೊತ್ತಿಗೆ ಆ ಗೂಟ ಯಾವಾಗಲೂ ಹೂವು, ಕುಂಕುಮದಲ್ಲಿ ಮುಚ್ಚಿಹೋಗಿರುತ್ತಿತ್ತು. ಈ ಮನೆಯ ಮೂಲೆಗಳಿಗೆ ಅವನೇ ಮುಂಚೆ ಬಂದು ಬಿಳಿ ಗೂಟ ಹೊಡೆದಿಟ್ಟಿದ್ದ, ಯಾವುದಕ್ಕೂ ಕೆಂಪು ಹಚ್ಚಿರಲಿಲ್ಲ.

ನಿರ್ಮಲಮ್ಮ ಎದುರು ಬಂದರು. "ನಿಮ್ಮನ್ನ ಕಾದ್ವಿ ಇಂಜಿನಿಯರ್ರೇ. ಇಪ್ಪತ್ತು ನಿಮಿಷ ಕಾದ್ವಿ. ನೀವೇ ಮೊದ್ಲು ಗುದ್ದಲಿ ಹಾಕ್ಲಿ ಅಂತ ನಾನೇ ಹೇಳಿದ್ದೆ. ಮುಹೂರ್ತ ದಾಟಾಕೆ ಬಂತು, ಅಯ್ಯನೋರು ಬಿಡ್ಲಿಲ್ಲ."

ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತ, "ಕೆಂಪು ಅದೊಂದೇ ಇತ್ತಲ್ಲ ಸಾರ್," ಎಂದ.

"ತಪ್ಪು ನಂದೇ," ಎಂದ ಭೀಮೇಶ್. ಆಮೇಲೆ ಆ ಗೂಟ ಯಾತಕ್ಕೆ ಹೊಡೆದದ್ದೆಂದು ತಿಳಿಸಿದ.

ಇಟ್ಟ ಕಲ್ಲನ್ನು ಕೀಳುವ ಮಾತನ್ನು ಅಲ್ಲಿ ಯಾರೂ ಆಡಲಿಲ್ಲ. ಆಡುವವರಲ್ಲ ಎಂದು ಅವನಿಗೂ ಗೊತ್ತಿತ್ತು. ಹಾಗೆ ಕಿತ್ತ ಮನೆಯಲ್ಲಿ ಮುಂದೆ ಯಾರಿಗೆ ಜ್ವರ ಬಂದರೂ ಆ ಕಲ್ಲಿನ ಹೆಸರು ಬರುತ್ತದೆ. ವಿರೂಪಾಕ್ಷಪ್ಪನವರಿಗೆ ಮಾತ್ರ ಒಳಗೊಳಗೇ ಖುಷಿಯಾದ ಹಾಗಿತ್ತು.

"ಇರ್ಲಿ ಬಿಡ್ರಿ. ದೇವ್ರೇ ತೋರಿಸ್ದಂಗೆ ಆತು. ಮನೇನ ಇಪ್ಪತ್ತು ಅಡಿ ಕೆಳಗೆ ಜರುಗ್ಸಿದ್ರೆ ಏನಾಗ್ತೈತೆ? ಕೆರೆ ತುಂಬಿ ಎಷ್ಟ್ ವರ್ಷ ಆಯ್ತು?"

"ನಂಗೆ ಎಂಟು ದಿನ ಕೊಡ್ರಿ," ಎಂದ ಭೀಮೇಶ್.

ಆ ಎಂಟು ದಿನ ಕೋಣೆಯ ಬಾಗಿಲು ಅರ್ಧ ಮುಚ್ಚಿಕೊಂಡೇ ಇತ್ತು. ಅವನ ಮಗಳು ರಕ್ಷಾ ಆಗ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಳು. ಮಧ್ಯಾಹ್ನ ಬುತ್ತಿ ತಂದಿಟ್ಟು ಹೋಗುತ್ತಿದ್ದಳು, ಸಂಜೆ ತುಂಬಿದ ಬುತ್ತಿಯನ್ನೇ ಒಯ್ಯುತ್ತಿದ್ದಳು. ನಾನು ಗ್ರಂಥಾಲಯ ಮುಚ್ಚಿ ಮೇಲೆ ಹೋದರೆ ಒಂದು ಮಾತು ಎರಡು ಮಾತು. ಕೆಲಸ ಬಿಡುತ್ತಾನೆಂದು ನನಗೆ ಅನ್ನಿಸಿತ್ತು. ಬಿಟ್ಟರೆ ಬೇರೆ ಯಾರಾದರೂ ಮನೆಯನ್ನು ನೀರಿನೊಳಗೆ ಕಟ್ಟಿಕೊಡುತ್ತಾರೆ ಎಂಬುದೂ ಇಬ್ಬರಿಗೂ ಗೊತ್ತಿತ್ತು. ಆರನೆಯ ದಿನ ಅವನು, "ಕಾದಿದ್ರಂತೆ ಕಣೋ," ಎಂದ. ಪ್ಲ್ಯಾನಿನಿಂದ ತಲೆ ಎತ್ತಿರಲಿಲ್ಲ.

ಎಂಟನೆಯ ದಿನ ಮಂಡಿಗೆ ಹೋಗಿ ಹಾಳೆ ಬಿಚ್ಚಿದ. ಮನೆ ಮೊದಲಿದ್ದ ಕಡೆಯೇ ಇತ್ತು. ಅದರ ಈಶಾನ್ಯ ಮೂಲೆಯಿಂದ ಸೂರೊಂದು ಇಳಿಜಾರಿನ ಜೊತೆಗೇ ಇಳಿದು ಪೂಜೆಯ ಕಲ್ಲಿನವರೆಗೆ ಬಂದಿತ್ತು. ಸೂರಿನ ಕೆಳಗೆ ಗೋಡೆಯಿಲ್ಲ, ಕಲ್ಲುಕಂಬಗಳು. ನೆಲಕ್ಕೆ ಮೂರು ಹಂತದಲ್ಲಿ ಹಾಸುಗಲ್ಲು. ಪೂಜೆಯ ಕಲ್ಲು ಎಲ್ಲಕ್ಕಿಂತ ಕೆಳಗಿನ ಹಂತದಲ್ಲಿ, ಕೊನೆಯ ಕಂಬದ ಬುಡಕ್ಕೆ.

ವಿರೂಪಾಕ್ಷಪ್ಪನವರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಗೋಡೆ ಎಲ್ರಿ? ಬಸ್‌ಸ್ಟ್ಯಾಂಡ್ ಇದ್ದಂಗೈತೆ."

"ನೀರು ಬಂದ್ರೆ ಅದಕ್ಕೂ ನಿಲ್ಲಾಕೆ ಒಂದು ಸ್ಟ್ಯಾಂಡ್ ಬೇಕಲ್ರಿ. ಬರುತ್ತೆ, ನಿಲ್ಲುತ್ತೆ, ಹೋಗುತ್ತೆ. ಗೋಡೆ ಇದ್ರೆ ಒದ್ದು ಬರುತ್ತೆ."

"ಕಲ್ಲು ಮನೆಯೊಳಗೆ ಇದ್ದಂಗೆ ಆಗ್ತೈತಾ ಇದು?"

ನಿರ್ಮಲಮ್ಮ ಅಲ್ಲಿಂದಲೇ ಅಯ್ಯನವರಿಗೆ ಫೋನ್ ಹಚ್ಚಿದರು. ಎಲ್ಲ ಕೇಳಿ ಅಯ್ಯನವರು, ಮೇಲೆ ಸೂರು ಬಂದರೆ ಮನೆಯೊಳಗೇ ಅಂತ ಲೆಕ್ಕ ಎಂದರು. ಆಕೆ ಫೋನ್ ಇಟ್ಟು ಗಂಡನ ಕಡೆ ನೋಡಿದರು. ಅಷ್ಟಕ್ಕೆ ಅದು ಮುಗಿಯಿತು.

ಮನೆ ಮುಗಿಯಲು ಒಂದೂವರೆ ವರ್ಷ ಹಿಡಿಯಿತು. ಗೃಹಪ್ರವೇಶಕ್ಕೆ ನಾನು ಏಳು ಗಂಟೆಗೆ ಹೋದೆ. ಭೀಮೇಶ್ ಐದೂವರೆಗೇ ಬಂದಿದ್ದಾನೆಂದು ನಿರ್ಮಲಮ್ಮ ಹೇಳಿದರು. ಅಯ್ಯನವರಿಗಿಂತ ಮುಂಚೆ ಬಂದು ಮಾವಿನ ತೋರಣ ಕಟ್ಟಲು ಏಣಿ ಹಿಡಿದಿದ್ದನಂತೆ. ಪೂಜೆಯ ಹೊತ್ತಿಗೆ ಮುಂದಿನ ಸಾಲಿನಲ್ಲೇ, ರಕ್ಷಾಳ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ. ಊಟವಾದ ಮೇಲೆ ಇಬ್ಬರೂ ಕೆಳಗಿನ ಹಾಸುಗಲ್ಲಿನ ಮೇಲೆ ಕೂತೆವು. ಎದುರಿಗೆ ನೀರು ದೂರದಲ್ಲಿತ್ತು. ಕೊಕ್ಕರೆಗಳು ಕೆಸರಿನಲ್ಲಿ ಓಡಾಡುತ್ತಿದ್ದವು.

"ಹೆಂಗೈತೆ?" ಎಂದ.

"ಚೆನ್ನಾಗೈತೆ."

"ಚೆನ್ನಾಗೈತೆ ಅಂತ ಎಲ್ಲರೂ ಅಂತಾರೆ. ಸರಿ ಐತಾ ಅಂತ ನೀರೇ ಹೇಳ್ಬೇಕು."

ಮಂಡಿಗೆ ಬರುವ ಗೆಳೆಯರು ಆ ಗೋಡೆಯಿಲ್ಲದ ಚಪ್ಪರವನ್ನು ನೋಡಿದಾಗಲೆಲ್ಲ ವಿರೂಪಾಕ್ಷಪ್ಪನವರಿಗೆ ಅದನ್ನು ಗಾಜಿನಿಂದ ಮುಚ್ಚಿ ಎ.ಸಿ. ಹಾಕಿಸಬೇಕು ಅನ್ನಿಸುತ್ತಿತ್ತು. ಈ ವರ್ಷ ಜನವರಿಯಲ್ಲಿ ಗಾಜಿನವನೊಬ್ಬನನ್ನು ದಾವಣಗೆರೆಯಿಂದ ಕರೆಸಿ ಅಳತೆಯನ್ನೂ ತೆಗೆಸಿದರು. ಸುದ್ದಿ ತಿಳಿದು ಭೀಮೇಶ್ ಹೋದ. ನಾನು ಜೊತೆಗಿದ್ದೆ. ಅವನು ಜಗಳ ಮಾಡಲಿಲ್ಲ.

"ಒಂದ್ ಸಲ ಕೆರೆ ತುಂಬ್ಲಿ ಸಾವ್ಕಾರ್ರೇ. ನೀರು ಈ ಕಲ್ಲಿನ ಅಂಚು ಮುಟ್ಟುತ್ತೆ, ಮೇಲೆ ಹತ್ತಲ್ಲ. ಅದನ್ನ ನೋಡಿದ್ ಮೇಲೆ ನಿಮ್ಮಿಷ್ಟ."

"ತುಂಬದೇ ಹೋದ್ರೆ?"

"ತುಂಬೋ ತನಕ ನಾನು ಇರ್ತೀನಿ, ಬಂದು ಕೇಳ್ರಿ."

ಸರಿ, ಮಾತು ಕೊಟ್ಟೆ ಎಂದರು ವಿರೂಪಾಕ್ಷಪ್ಪ. ಮುಂದಿನ ತಿಂಗಳು ಅವನು ಬಸ್ಸಿನಲ್ಲಿ ಸತ್ತ.

ಮಣ್ಣು ಮಾಡುವ ದಿನ ವಿರೂಪಾಕ್ಷಪ್ಪ, ನಿರ್ಮಲಮ್ಮ ಇಬ್ಬರೂ ಬೆಳಿಗ್ಗೆಯೇ ಬಂದು ಕೊನೆಯವರೆಗೆ ಇದ್ದರು. ಗಾಜಿನ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳುವ ಅಧಿಕಾರ ನನಗೇನಿತ್ತು. ಆದರೆ ಆ ಚಪ್ಪರವನ್ನು ಮುಚ್ಚಿಬಿಟ್ಟರೆ ಅವನದೆಂದು ಹೇಳುವ ಒಂದು ಮನೆಯೂ ಉಳಿಯುವುದಿಲ್ಲ ಎಂಬುದು ಆ ಬೇಸಿಗೆಯೆಲ್ಲ ತಲೆಯಲ್ಲಿತ್ತು. ಪುಸ್ತಕಗಳಿಗೆ ನಂಬರು ಹಚ್ಚುವಾಗಲೂ ಇತ್ತು.

ಈ ಸಲ ಮಳೆ ಸೆಪ್ಟೆಂಬರಿನಲ್ಲಿ ಹಿಡಿಯಿತು. ನಾಲೆಯ ನೀರೂ ಹರಿಯುತ್ತಿತ್ತು. ಅಕ್ಟೋಬರ್ ಎರಡನೆಯ ವಾರ ಕೆರೆ ಕೋಡಿ ಬಿತ್ತು. ಸುತ್ತಲ ಊರುಗಳ ಜನ ಗಾಡಿ ಮಾಡಿಕೊಂಡು ನೋಡಲು ಹೋದರು. ಮೂರನೆಯ ದಿನ ಬೆಳಿಗ್ಗೆ ವಿರೂಪಾಕ್ಷಪ್ಪನವರ ಫೋನ್ ಬಂತು. "ಆ ಮಗೀನ ಕರ್ಕೊಂಡು ಬರ್ರಿ," ಎಂದರು.

ರಕ್ಷಾ ಅಪ್ಪನ ಚೀಲವನ್ನೇ ಹೆಗಲಿಗೆ ಹಾಕಿಕೊಂಡು ಬಂದಳು. ನಾವು ಹೋದಾಗ ಅವರು ಪಂಚೆ ಎತ್ತಿ ಕಟ್ಟಿಕೊಂಡು ಚಪ್ಪರದ ಎರಡನೆಯ ಹಂತದಲ್ಲಿ ನಿಂತಿದ್ದರು. ಕೆಳಗಿನ ಹಾಸುಗಲ್ಲು ನೀರೊಳಗಿತ್ತು. ನೀರು ಕಂಬಗಳ ನಡುವೆ ಬರುತ್ತಿತ್ತು, ಕಸಕಡ್ಡಿ ತರುತ್ತಿತ್ತು, ಮತ್ತೆ ಒಯ್ಯುತ್ತಿತ್ತು. ಎರಡನೆಯ ಹಂತ ಒಣಗಿತ್ತು. ಮನೆಯ ಬಾಗಿಲು ಅಲ್ಲಿಂದ ಇನ್ನೂ ಆಳೆತ್ತರ ಮೇಲಿತ್ತು. ಉಡಚಮ್ಮನೂ ಬಂದು ಕಂಬಕ್ಕೆ ಒರಗಿ ಕೂತಿದ್ದಳು. ಅವಳ ಮಗ ತೆಪ್ಪವನ್ನು ಅದೇ ಹೊಂಗೆಯ ಬೇರಿಗೆ ಕಟ್ಟಿದ್ದ.

"ಹತ್ತಲ್ಲ ಅಂದಿದ್ರು, ಹತ್ತೈತೆ ನೋಡ್ರಿ," ಎಂದರು ವಿರೂಪಾಕ್ಷಪ್ಪ. ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಲೆಕ್ಕ ಒಪ್ಪಿಸಿದ ಹಾಗಿತ್ತು.

ರಕ್ಷಾ ಚಪ್ಪಲಿ ಬಿಟ್ಟು ನೀರಿಗಿಳಿದಳು. ಪೂಜೆಯ ಕಲ್ಲು ಎಲ್ಲಿದೆಯೆಂದು ಕಾಲಿನಲ್ಲಿ ತಡವಿ, ಟೇಪಿನ ತುದಿಯನ್ನು ಅದರ ಮೇಲಿಟ್ಟು ನೋಡಿದಳು. "ಮೂರಿಂಚು," ಎಂದಳು.

"ನಾಲ್ಕು ಬೆರಳು," ಎಂದಳು ಉಡಚಮ್ಮ. "ಅವನ್ದಲ್ಲ ತಪ್ಪು, ನಂದು. ಆವಾಗ ಬಗ್ಗಿ ನೆಲ ನೋಡಾಕೆ ಆಗ್ತಿತ್ತೇನು? ಹೊಟ್ಟೆ ಅಡ್ಡ ಇತ್ತು." ಮಗನ ಕಡೆ ಕೋಲು ತೋರಿಸಿದಳು. "ಇವನೇ."

ಐವತ್ತು ದಾಟಿದ ಆ ಮಗ ತೆಪ್ಪದಲ್ಲಿ ಕೂತು ಬಲೆ ಬಿಡಿಸುತ್ತಿದ್ದವನು ತಲೆ ಎತ್ತಿ, ಮತ್ತೆ ಬಲೆ ನೋಡಿಕೊಂಡ.

ನಿರ್ಮಲಮ್ಮ ಟೀ ತಂದರು. ವಿರೂಪಾಕ್ಷಪ್ಪ ಟೀ ಕುಡಿಯುತ್ತ, ಕಂಬದ ಮೇಲೆ ಗಾಜಿನವನು ಪೆನ್ಸಿಲಿನಲ್ಲಿ ಹಾಕಿದ್ದ ಗುರುತುಗಳನ್ನು ನೋಡಿದರು. ಆಮೇಲೆ ಫೋನ್ ತೆಗೆದು ಅವನಿಗೆ ಹಚ್ಚಿದರು. "ಬರಬ್ಯಾಡಪ್ಪ. ಇಲ್ಲ, ಮುಂದ್ಕೂ ಬ್ಯಾಡ. ಇಲ್ಲಿ ಗಾಜು ನಿಲ್ಲಲ್ಲ." ಆ ಕಡೆಯವನು ಏನೋ ಕೇಳಿರಬೇಕು. "ನೀರಿನ ಜಾಗ ಅದು," ಎಂದು ಹೇಳಿ ಇಟ್ಟರು.

ರಕ್ಷಾ ಒದ್ದೆ ಕಾಲಿನಲ್ಲೇ ಮೆಟ್ಟಿಲ ಮೇಲೆ ಕೂತು ನೀಲಿ ಪುಸ್ತಕ ತೆಗೆದಳು. ನಾಲ್ಕು ವರ್ಷದ ಹಿಂದಿನ ಹಾಳೆ ಹುಡುಕಿದಳು. ಅದರಲ್ಲಿ ಹೊಂಗೆಮರದ ಗುರುತು, ಗೂಟದ ಅಳತೆ, ಕೆಳಗೆ ಅವನ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು: ಉಡಚಮ್ಮ ತೋರಿಸಿದ್ದು, ನೀರು ಇಲ್ಲಿವರೆಗೆ, ನೋಡಬೇಕು.

ಅವಳು ಅದರ ಕೆಳಗೆ ತಾರೀಖು ಹಾಕಿದಳು. ಪೂಜೆ ಕಲ್ಲಿನ ಮೇಲೆ ಮೂರು ಇಂಚು, ನೋಡಿದೆ ಎಂದು ಬರೆದಳು.

ನೀರು ಹನ್ನೆರಡು ದಿನ ಇತ್ತು. ಇಳಿದ ಮೇಲೆ ಕಲ್ಲಿನ ಮೇಲೆ ಸ್ವಲ್ಪ ಕೆಸರು ಉಳಿದಿತ್ತಂತೆ, ನಿರ್ಮಲಮ್ಮ ಎರಡು ಬಕೆಟ್ ನೀರಿನಲ್ಲಿ ತೊಳೆದರಂತೆ.